214 ಕೋಟಿಯ ಆ ಸಂಖ್ಯೆಯನ್ನು ಯಾರೂ ಆರಿಸಿಲ್ಲ

ಪ್ರಶ್ನೆ: 2147483647 ಅವಿಭಾಜ್ಯ ಸಂಖ್ಯೆಯಂತೆ. ಅದಕ್ಕೇ ಅಲ್ವಾ ಕಂಪ್ಯೂಟರಿನವರು ಪೂರ್ಣಾಂಕಗಳಿಗೆ ಅದನ್ನೇ ಗರಿಷ್ಠ ಮಿತಿ ಮಾಡಿಕೊಂಡಿದ್ದು?

ಮತ್ತೆ ಅದೇ ಪ್ರಶ್ನೆ! ಮೊದಲ ಮಾತು ಸರಿ. 214 ಕೋಟಿ 74 ಲಕ್ಷ 83 ಸಾವಿರದ 647 ಅವಿಭಾಜ್ಯವೇ. ಎರಡನೆಯದು ಮಾತ್ರ ಶುದ್ಧ ಕಟ್ಟುಕಥೆ. ಎಷ್ಟು ಸಲ ಅಲ್ಲ ಅಂದರೂ ಸಾಯುವುದಿಲ್ಲ.

ಸ್ಕೂಟರಿನ ಮೀಟರಿನಲ್ಲಿ ಐದು ಮನೆ ಇದ್ದರೆ ಅದು ತೋರಿಸುವ ದೊಡ್ಡ ಸಂಖ್ಯೆ 99999. ಯಾರೂ ಕೂತು ಆರಿಸಿದ್ದಲ್ಲ, ಮನೆ ಮುಗಿಯಿತು ಅಷ್ಟೆ. ಇಲ್ಲೂ ಹಾಗೇ. 32 ಬಿಟ್ ಜಾಗದಲ್ಲಿ, ಅಂದರೆ 0 ಇಲ್ಲವೇ 1 ಮಾತ್ರ ಹಿಡಿಸುವ 32 ಮನೆಗಳಲ್ಲಿ, ಒಂದು ಬಿಟ್ ಧನವೋ ಋಣವೋ ಅಂತ ಹೇಳುವುದಕ್ಕೇ ಹೋಗುತ್ತದೆ. ಉಳಿದ 31ರಲ್ಲೂ 1 ತುಂಬಿ, ಮನೆಗಳ ಬೆಲೆಯನ್ನು 1, 2, 4, 8 ಅಂತ ಕೂಡುತ್ತಾ ಹೋಗಿ. ಕೊನೆಗೆ ಸಿಗುವುದು 2ರ 31ನೇ ಘಾತಕ್ಕಿಂತ ಒಂದು ಕಡಿಮೆ. ಅದೇ ನಮ್ಮ ಸಂಖ್ಯೆ.

ನಂಬಿಕೆ ಬರಲಿಲ್ವಾ? 16 ಬಿಟ್‌ನ ಮಿತಿ 32767. ಪೆನ್ನು ಹಿಡಿದು 7ರಿಂದ ಭಾಗಿಸಿ. 4681 ಬರುತ್ತದೆ, ಶೇಷ ಸೊನ್ನೆ. 64 ಬಿಟ್‌ನ ಮಿತಿ 9223372036854775807. ಅದನ್ನಂತೂ 7ರಿಂದ ಎರಡು ಸಲ ಭಾಗಿಸಬಹುದು. ಧನ-ಋಣದ ಬಿಟ್ ಕಳೆದು ಉಳಿಯುವ 15 ಮತ್ತು 63 ಎರಡೂ 3ರ ಮಗ್ಗಿಯಲ್ಲಿವೆ, ಹಾಗಾಗಿ 2ರ ಘನದಲ್ಲಿ ಒಂದು ಕಳೆದು ಬರುವ 7 ಅಲ್ಲಿ ನುಗ್ಗಲೇಬೇಕು. ಅವಿಭಾಜ್ಯವೇ ಬೇಕಿದ್ದರೆ 62 ಬಿಟ್‌ಗೆ ನಿಲ್ಲಿಸಬಹುದಿತ್ತು. 2ರ 61ನೇ ಘಾತದಲ್ಲಿ ಒಂದು ಕಳೆದರೆ ಅವಿಭಾಜ್ಯ ಸಿಗುತ್ತದೆ. ಯಾರಾದರೂ ನಿಲ್ಲಿಸಿದರಾ? "8 ಬಿಟ್‌ನ 127 ಅವಿಭಾಜ್ಯವಲ್ಲವಾ ಸಾರ್" ಅಂತ ಒಬ್ಬರು ಬಂದೇ ಬರುತ್ತಾರೆ. ಹೌದು, ಅದೂ ಸುಮ್ನೆ ಕೂಡಿಬಂದದ್ದೇ.

ಇಷ್ಟೆಲ್ಲ ಕೇಳುವವರು, ಕಂಪ್ಯೂಟರೇ ಇಲ್ಲದ ಕಾಲದಲ್ಲಿ ಇದು ಅವಿಭಾಜ್ಯ ಅಂತ ಹೇಗೆ ಗೊತ್ತಾಯಿತು ಅಂತ ಕೇಳುವುದೇ ಇಲ್ಲ. ನಾನೇ ಹೇಳಿಬಿಡುತ್ತೇನೆ. 1772ರಲ್ಲಿ ಗಣಿತಜ್ಞ ಆಯ್ಲರ್ ಇದನ್ನು ತೋರಿಸಿಕೊಟ್ಟ. ಆಗ ಅವನಿಗೆ ಕಣ್ಣು ಹೆಚ್ಚುಕಮ್ಮಿ ಹೋಗಿತ್ತು. ವರ್ಗಮೂಲ 46340ರ ಆಸುಪಾಸು. ಅಲ್ಲಿಯ ತನಕದ ಅವಿಭಾಜ್ಯಗಳಿಂದೆಲ್ಲ ಭಾಗಿಸಿ ನೋಡಲು ಹೊರಟರೆ 4700ಕ್ಕೂ ಜಾಸ್ತಿ ಲೆಕ್ಕ. ಆಯ್ಲರ್ ಹಿಡಿದ ದಾರಿಯೇ ಬೇರೆ. ಈ ಸಂಖ್ಯೆಯನ್ನು ಭಾಗಿಸುವ ಅವಿಭಾಜ್ಯ ಯಾವುದೇ ಇರಲಿ, ಅದನ್ನು 248ರಿಂದ ಭಾಗಿಸಿದರೆ ಶೇಷ 1 ಇಲ್ಲವೇ 63 ಆಗಿರಲೇಬೇಕು. ಹಾಗಿರುವ ಅವಿಭಾಜ್ಯಗಳು 46340ರೊಳಗೆ ನೂರೂ ಇಲ್ಲ. ಅವುಗಳಲ್ಲಿ ಒಂದೂ ಭಾಗಿಸಲಿಲ್ಲ. ಮುಗಿಯಿತು ಕೆಲಸ!

ಇದೇ ಸಂಖ್ಯೆಯನ್ನು 2ರ 30ನೇ ಘಾತದಿಂದ ಗುಣಿಸಿದರೆ 2305843008139952128. ಇದು ಪರಿಪೂರ್ಣ ಸಂಖ್ಯೆ. 6ರಲ್ಲಿ 1+2+3 ಸೇರಿ 6 ಆಗುವ ಹಾಗೆ, ಇದರ ಭಾಜಕಗಳನ್ನು, ಇದೊಂದನ್ನು ಬಿಟ್ಟು, ಕೂಡಿದರೆ ಇದೇ ಬರುತ್ತದೆ. 1811ರಲ್ಲಿ ಪೀಟರ್ ಬಾರ್ಲೋ ಎಂಬ ಇಂಗ್ಲಿಷ್ ಗಣಿತಜ್ಞ, ಇಂಥವು ಕುತೂಹಲಕ್ಕೆ ಸರಿ, ಉಪಯೋಗಕ್ಕಿಲ್ಲ, ಹಾಗಾಗಿ ಇದಕ್ಕಿಂತ ದೊಡ್ಡದನ್ನು ಯಾರೂ ಹುಡುಕಲಿಕ್ಕಿಲ್ಲ ಅಂತ ಬರೆದುಬಿಟ್ಟ. 2024ರಲ್ಲಿ, ಇಂಥ ಪರಿಪೂರ್ಣ ಸಂಖ್ಯೆ ಕೊಡುವ, 2ರ ಘಾತದಲ್ಲಿ ಒಂದು ಕಳೆದ ಜಾತಿಯ ಇನ್ನೊಂದು ಅವಿಭಾಜ್ಯ ಸಿಕ್ಕಿತು. ಅದರಲ್ಲಿ 4 ಕೋಟಿ 10 ಲಕ್ಷಕ್ಕೂ ಜಾಸ್ತಿ ಅಂಕಿಗಳಿವೆ.