ಬದುಕಿ ಉಳಿದವರ ಲೆಕ್ಕ ಎಲ್ಲಿದೆ?

ಸಕಲೇಶಪುರ, ಅರಕಲಗೂಡಿನ ಕಡೆಯಿಂದ ಹಾಸನದ ದೊಡ್ಡಾಸ್ಪತ್ರೆಗೆ ಆತ್ಮಹತ್ಯೆಗೆ ಯತ್ನಿಸಿದವರನ್ನು ಕರೆತರುವ ಮನೆಯವರು, ಜೀವಕ್ಕೆ ಅಪಾಯವಿಲ್ಲವೆಂದು ತಿಳಿದೊಡನೆ ‘ಕೇಸಾಗುತ್ತದೆಯೇ’ ಎಂದು ಕೇಳುವುದುಂಟು. ಆಮೇಲೆ ನಡೆದದ್ದು ‘ಆಕಸ್ಮಿಕ’ವಾಗುತ್ತದೆ, ಇಲ್ಲವೇ ಪೊಲೀಸ್ ದಾಖಲೆಗಳಲ್ಲಿ ಸವೆದುಹೋದ ‘ಹೊಟ್ಟೆನೋವು ತಾಳಲಾರದೆ’ ಎಂಬ ಮಾತಿನೊಳಗೆ ಅಡಗಿಕೊಳ್ಳುತ್ತದೆ.

ಈ ಅಂಜಿಕೆಯ ಬೇರು 1860ರ ಭಾರತೀಯ ದಂಡ ಸಂಹಿತೆಯಲ್ಲಿದೆ. ಅದರ 309ನೇ ಕಲಮು ಯತ್ನಿಸಿ ಬದುಕಿದವರಿಗೆ ಒಂದು ವರ್ಷದವರೆಗಿನ ಸಾದಾ ಸೆರೆವಾಸ ಅಥವಾ ದಂಡ ವಿಧಿಸುತ್ತಿತ್ತು. ಅದನ್ನು ಕೈಬಿಡಬೇಕೆಂದು ಕಾನೂನು ಆಯೋಗ 1971ರಲ್ಲೇ ಹೇಳಿತ್ತು. 1994ರಲ್ಲಿ ಸುಪ್ರೀಂ ಕೋರ್ಟು ಅದನ್ನು ಅಸಾಂವಿಧಾನಿಕವೆಂದಿತು. ಎರಡೇ ವರ್ಷದಲ್ಲಿ ಐವರು ನ್ಯಾಯಮೂರ್ತಿಗಳ ಪೀಠ ಆ ತೀರ್ಪನ್ನು ತಳ್ಳಿಹಾಕಿತು. ನಿಜವಾದ ತಿರುವು 2017ರ ಮಾನಸಿಕ ಆರೋಗ್ಯ ಆರೈಕೆ ಕಾಯ್ದೆಯದು: ಯತ್ನಿಸಿದವರು ತೀವ್ರ ಒತ್ತಡದಲ್ಲಿದ್ದರೆಂದೇ ಭಾವಿಸಬೇಕು, ಅವರಿಗೆ ಆರೈಕೆ ಒದಗಿಸುವುದು ಸರ್ಕಾರದ ಕರ್ತವ್ಯ ಎಂದು ಅದರ 115ನೇ ಕಲಮು ಹೇಳುತ್ತದೆ. 2024ರ ಜುಲೈ 1ರಂದು ಜಾರಿಗೆ ಬಂದ ಭಾರತೀಯ ನ್ಯಾಯ ಸಂಹಿತೆಯಲ್ಲಿ ಹಳೆಯ ಕಲಮು ಇಲ್ಲ. ಸರ್ಕಾರಿ ನೌಕರರನ್ನು ಒತ್ತಾಯಿಸಲು ಮಾಡುವ ಯತ್ನವಷ್ಟೇ ಅಪರಾಧವಾಗಿ ಉಳಿದಿದೆ. ಕಾನೂನು ಹೋದರೂ ಅಂಜಿಕೆ ಹೋಗಿಲ್ಲ, ಗುಟ್ಟು ಮಾಡುವ ಅಭ್ಯಾಸವೂ ಹೋಗಿಲ್ಲ.

ಗುಟ್ಟಾದದ್ದು ಲೆಕ್ಕಕ್ಕೆ ಸಿಗುವುದಿಲ್ಲ. ರಾಷ್ಟ್ರೀಯ ಅಪರಾಧ ದಾಖಲೆಗಳ ಬ್ಯೂರೋದ ಆತ್ಮಹತ್ಯೆಯ ವಾರ್ಷಿಕ ವರದಿ ಸಾವುಗಳದ್ದು. ವಯಸ್ಕರ ಒಂದೊಂದು ಆತ್ಮಹತ್ಯೆಗೆ ಇಪ್ಪತ್ತಕ್ಕೂ ಹೆಚ್ಚು ಯತ್ನಗಳು ನಡೆದಿರಬಹುದೆಂದು ವಿಶ್ವ ಆರೋಗ್ಯ ಸಂಸ್ಥೆ 2014ರಲ್ಲಿ ಅಂದಾಜಿಸಿತು (ಅದನ್ನು ಹಾಗೆಯೇ ಹಾಸನಕ್ಕೆ ಗುಣಿಸಿ ನೋಡುವುದು ತಪ್ಪಾದೀತು). ಹಿಂದಿನ ಯತ್ನವೇ ಮುಂದಿನ ಸಾವಿನ ಅತಿ ಮುಖ್ಯ ಮುನ್ಸೂಚನೆ. ಆದರೂ ಒಮ್ಮೆ ಬದುಕಿದವರಲ್ಲಿ ಬಹುಪಾಲು ಜನ ಮುಂದೆಂದೂ ಆತ್ಮಹತ್ಯೆಯಿಂದ ಸಾಯುವುದಿಲ್ಲ. ಈ ಎರಡು ಮಾತುಗಳ ನಡುವಣ ಅವಕಾಶದಲ್ಲಿಯೇ ಸಾರ್ವಜನಿಕ ಆರೋಗ್ಯದ ಕೆಲಸವಿರುವುದು.

ಆ ಕೆಲಸ ದುಬಾರಿಯದೂ ಅಲ್ಲ. ಚೆನ್ನೈ ಸೇರಿ ಐದು ದೇಶಗಳ ಐದು ಕಡೆ 1,867 ಜನರ ಮೇಲೆ ನಡೆದು 2008ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ, ಆಸ್ಪತ್ರೆಯಿಂದ ಬಿಡುಗಡೆಯಾಗುವ ಹೊತ್ತಿಗೆ ಒಂದು ಗಂಟೆಯ ಮಾತುಕತೆ, ಬಳಿಕ 18 ತಿಂಗಳಲ್ಲಿ ಒಂಬತ್ತು ಬಾರಿ ಫೋನು ಅಥವಾ ಭೇಟಿ, ಇಷ್ಟೇ ಇದ್ದದ್ದು. ಮಾಮೂಲಿ ಚಿಕಿತ್ಸೆ ಪಡೆದವರಲ್ಲಿ ಶೇ 2.2ರಷ್ಟು ಜನ ಆತ್ಮಹತ್ಯೆಯಿಂದ ತೀರಿಕೊಂಡರೆ, ಹೀಗೆ ಆರೈಕೆ ಪಡೆದವರಲ್ಲಿ ಅದು ಶೇ 0.2.

ನಮ್ಮಲ್ಲಿ ಬಿಡುಗಡೆಯ ಚೀಟಿಯೊಂದಿಗೆ ಸಂಬಂಧ ಮುಗಿದುಹೋಗುವುದೇ ಹೆಚ್ಚು. ಕಾಫಿ ತೋಟದ ಕೂಲಿಯವರಿಗೆ ಮತ್ತೊಮ್ಮೆ ಹಾಸನಕ್ಕೆ ಬರುವುದೆಂದರೆ ಬಸ್ಸಿನ ಖರ್ಚು, ಒಂದು ದಿನದ ಕೂಲಿ, ಮೇಸ್ತ್ರಿಗೆ ಕೊಡಬೇಕಾದ ಕಾರಣ. 2022ರ ಅಕ್ಟೋಬರಿನಲ್ಲಿ ಆರಂಭವಾದ ಟೆಲಿ ಮಾನಸ್ ಸಹಾಯವಾಣಿ, 14416, ಈ ಮೂರನ್ನೂ ಕೇಳುವುದಿಲ್ಲ. ಹಗಲಿರುಳೂ ಉಚಿತವಾಗಿ, ಕನ್ನಡದಲ್ಲೇ ಮಾತನಾಡಬಹುದು. ಆದರೆ ಅಲ್ಲಿ ಕರೆ ಮಾಡಬೇಕಾದವರು ನೊಂದವರೇ. ಆಸ್ಪತ್ರೆಯಿಂದ ಮನೆಗೆ ಬರಬೇಕಾದ ಆ ಒಂಬತ್ತು ಕರೆಗಳನ್ನು ಯಾರು ಮಾಡಬೇಕೆಂಬುದು ಇನ್ನೂ ತೀರ್ಮಾನವಾಗಬೇಕಿದೆ.