ಕೈ ತಪ್ಪಿತೋ, ಕಾಲು ತಪ್ಪಿತೋ?

ಜುಲೈ ಎರಡನೇ ವಾರ. ಇಂಡಿಯಾನಾದ ಒಂದು ಸಣ್ಣ ಊರಿನ ಹೈಸ್ಕೂಲ್ ಸ್ಟೇಡಿಯಂ. ರಾತ್ರಿ ಒಂಬತ್ತಾಗಿದ್ದರೂ ಅಲ್ಯೂಮಿನಿಯಂ ಬೆಂಚು ಇನ್ನೂ ಬಿಸಿಯಾಗಿತ್ತು. ಕೈಯಲ್ಲಿ ರೆಕಾರ್ಡರ್ ಹಿಡಿದು ಒಂದು ತಂಡದ ಸ್ನೇರ್ ಡ್ರಮ್ಮಿನವರ ಸಾಲನ್ನು ಕೇಳುತ್ತಿದ್ದೆ. ಒಂಬತ್ತು ಜನ. ಪ್ರದರ್ಶನದ ಕೊನೆಯ ಭಾಗದಲ್ಲಿ ಫ್ಲಾಮ್‌ಗಳ, ಅಂದರೆ ಜೋಡಿ ಪೆಟ್ಟುಗಳ, ಒಂದು ಸರಣಿ ಬರುತ್ತದೆ, ಅಲ್ಲಿ ಎಡತುದಿಯ ಮೂವರು ಕಲಸಿಹೋದರು. "ಎಡಗಡೆ ಮೂವರ ಫ್ಲಾಮ್ ಚಪ್ಪಟೆ ಆಗ್ತಿದೆ, ಸಣ್ಣ ಪೆಟ್ಟು ತುಂಬಾ ಮೇಲಿಂದ ಬರ್ತಿದೆ, ಕೈ ನೋಡಿ" ಅಂತ ರೆಕಾರ್ಡರ್‌ಗೆ ಹೇಳಿದೆ. ಬಹಳ ಖಚಿತವಾಗಿ ಹೇಳಿದೆ, ಮತ್ತು ತಪ್ಪು ಹೇಳಿದೆ. ಆ ಕಥೆಗೆ ಆಮೇಲೆ ಬರುತ್ತೇನೆ.

ಮೊದಲು ಇದೇನು ಅಂತ ಗೊತ್ತಿಲ್ಲದವರಿಗೆ ನಾಲ್ಕು ಮಾತು. ಅಮೆರಿಕದಲ್ಲಿ ಬೇಸಿಗೆ ಬಂತೆಂದರೆ ಡ್ರಮ್ ಕೋರ್ ಸ್ಪರ್ಧೆಗಳು. (ಬರೆಯುವಾಗ ಕಾರ್ಪ್ಸ್ ಅಂತ ಬರೆಯುತ್ತಾರೆ, ಹೇಳುವಾಗ ಕೋರ್. ನಾನು ಮೊದಲ ವರ್ಷ ಕಾರ್ಪ್ಸ್ ಅಂದು ನಗೆಪಾಟಲಾಗಿದ್ದೆ.) ಡ್ರಮ್ ಕೋರ್ ಇಂಟರ್‌ನ್ಯಾಷನಲ್, ಅಂದರೆ ಡಿಸಿಐ, ನಡೆಸುವ ಈ ಪ್ರವಾಸ ಜೂನ್ ಕೊನೆಗೆ ಶುರುವಾಗಿ ಆಗಸ್ಟ್ ಎರಡನೇ ವಾರ ಇಂಡಿಯಾನಾಪೊಲಿಸ್‌ನ ಲೂಕಸ್ ಆಯಿಲ್ ಸ್ಟೇಡಿಯಂನಲ್ಲಿ ಮುಗಿಯುತ್ತದೆ. ಮೊದಲ ಚಾಂಪಿಯನ್‌ಷಿಪ್ ನಡೆದದ್ದು 1972ರಲ್ಲಿ, ವಿಸ್ಕಾನ್ಸಿನ್‌ನ ವೈಟ್‌ವಾಟರ್ ಊರಿನಲ್ಲಿ. ಒಂದೊಂದು ತಂಡದಲ್ಲೂ ನೂರೈವತ್ತರ ಆಸುಪಾಸು ಜನ, ವಯಸ್ಸಿನ ಮಿತಿ 21. ಹಿತ್ತಾಳೆ ವಾದ್ಯ, ಡ್ರಮ್, ಬಾವುಟ ಮತ್ತು ರೈಫಲ್ ತಿರುಗಿಸುವ ಕಲರ್ ಗಾರ್ಡ್, ಇಷ್ಟೇ. ಕ್ಲಾರಿನೆಟ್ಟು, ಸ್ಯಾಕ್ಸೋಫೋನು ಇಲ್ಲ. ಹನ್ನೊಂದು ಹನ್ನೆರಡು ನಿಮಿಷದ ಪ್ರದರ್ಶನ. ಅದಕ್ಕಾಗಿ ಇಡೀ ಬೇಸಿಗೆ ಶಾಲೆಗಳ ಜಿಮ್ ನೆಲದ ಮೇಲೆ ಮಲಗಿ, ರಾತ್ರಿಯೆಲ್ಲ ಬಸ್ಸಿನಲ್ಲಿ ಕೂತು, ಹಗಲೆಲ್ಲ ಬಿಸಿಲಲ್ಲಿ ಅಭ್ಯಾಸ ಮಾಡುತ್ತಾರೆ. ಮೇಲಿಂದ ಸಾವಿರಾರು ಡಾಲರ್ ಶುಲ್ಕವನ್ನೂ ಅವರೇ ಕಟ್ಟುತ್ತಾರೆ.

ನಾನು ಮೈಸೂರಿನಲ್ಲಿ ಮೃದಂಗ ಕಲಿತವನು. ಇಲ್ಲಿಗೆ ಓದಲು ಬಂದು ತಾಳವಾದ್ಯ ಕಲಿಸುವವನಾದೆ. ಡಿಸಿಐ ತೀರ್ಪುಗಾರ ಅಲ್ಲ. ತಂಡಗಳೇ ಕರೆಸಿ "ನಮ್ಮ ಡ್ರಮ್‌ಲೈನ್ ಕೇಳಿ ಹೇಳಿ" ಅಂತ ಕೇಳುವ ಹೊರಗಿನ ಕಿವಿ ನಾನು. ಅಂಕ ಕೊಡುವ ತಲೆನೋವು ನನಗಿಲ್ಲ. ತೀರ್ಪುಗಾರರೂ ನನ್ನ ಹಾಗೆಯೇ ಪ್ರದರ್ಶನ ನಡೆಯುತ್ತಿರುವಾಗಲೇ ಮಾತಾಡಿ ರೆಕಾರ್ಡ್ ಮಾಡುತ್ತಾರೆ. ಹಿಂದೆ ಕ್ಯಾಸೆಟ್, ಈಗ ಡಿಜಿಟಲ್. ಆ ರಾತ್ರಿ ಬಸ್ಸಿನಲ್ಲಿ ಡ್ರಮ್ ಮೇಷ್ಟ್ರುಗಳು ಅದನ್ನು ಹೆಡ್‌ಫೋನ್ ಹಾಕಿ ಕೇಳುತ್ತಾರೆ. ಹಾಗಾಗಿ ನಾನು ಹೇಳಿದ ಪ್ರತಿ ಮಾತಿಗೂ ಮಾರನೆಯ ದಿನ ಯಾರದೋ ಒಂದು ಗಂಟೆ ಬಿಸಿಲು ಖರ್ಚಾಗುತ್ತದೆ, ಇದನ್ನು ನಾನು ತಡವಾಗಿ ಕಲಿತೆ.

1983ರ ತನಕ ಇಲ್ಲಿ "ಟಿಕ್" ಪದ್ಧತಿ ಇತ್ತು. ತೀರ್ಪುಗಾರ ಹಲಗೆ, ಪೆನ್ಸಿಲ್ ಹಿಡಿದು ಡ್ರಮ್ಮಿನವರ ಬೆನ್ನು ಹತ್ತಿ ಹೋಗುತ್ತಿದ್ದ. ಒಂದು ತಪ್ಪು ಕಿವಿಗೆ ಬಿದ್ದರೆ ಒಂದು ಗೀಟು, ಒಂದು ಗೀಟಿಗೆ 0.1 ಅಂಕ ಖೋತಾ. 1984ರಿಂದ ಅದು ಹೋಯಿತು. ಈಗ ನೂರರಲ್ಲಿ 40 ಒಟ್ಟಾರೆ ಪರಿಣಾಮಕ್ಕೆ, 30 ದೃಶ್ಯಕ್ಕೆ, 30 ಸಂಗೀತಕ್ಕೆ. ಡ್ರಮ್ ವಿಭಾಗಕ್ಕೆ 20ಕ್ಕೆ ಅಂಕ ಹಾಕುತ್ತಾರೆ, ಮೊತ್ತಕ್ಕೆ ಸೇರುವಾಗ ಅದು ಅರ್ಧವಾಗುತ್ತದೆ. ಬರೆದದ್ದು ಎಷ್ಟು ಕಷ್ಟ, ಬಾರಿಸಿದ್ದು ಎಷ್ಟು ಚೆನ್ನ, ಎರಡನ್ನೂ ತೂಗುತ್ತಾರೆ. ಪದ್ಧತಿ ಹೋದರೂ ಚಾಳಿ ಹೋಗಿಲ್ಲ. ವೀಡಿಯೋ ನೋಡಿ "3 ನಿಮಿಷ 12 ಸೆಕೆಂಡಿನಲ್ಲಿ ಟೆನರ್ ಡ್ರಮ್ಮಿನವನು ತಪ್ಪಿದ" ಅಂತ ಬರೆಯುವವರು ಈಗಲೂ ಬೇಕಾದಷ್ಟು. ಬ್ಲೂ ಡೆವಿಲ್ಸ್ ತಂಡ 2014ರಲ್ಲಿ ನೂರಕ್ಕೆ 99.650 ತೆಗೆದ ಪ್ರದರ್ಶನ ಕೊಟ್ಟು ತಪ್ಪು ಹುಡುಕು ಅಂದರೂ ನಾನು ಹುಡುಕಿಕೊಡಬಲ್ಲೆ. ಹುಡುಕಿ ಏನು ಮಾಡೋದು? ತಪ್ಪು ಎಲ್ಲಿ ಕೇಳಿಸಿತು ಅನ್ನೋದು ಸುಲಭ. ಎಲ್ಲಿಂದ ಬಂತು ಅನ್ನೋದಕ್ಕೆ ನನಗೆ ದುಡ್ಡು ಕೊಡೋದು.

ಒಂದು ಉದಾಹರಣೆ ಹೇಳುತ್ತೇನೆ, ಕೊನ್ನಕ್ಕೋಲು (ತಾಳದ ಸೊಲ್ಲನ್ನು ಬಾಯಲ್ಲೇ ಹೇಳುವುದು) ಗೊತ್ತಿದ್ದವರಿಗೆ ಥಟ್ಟನೆ ಅರ್ಥವಾಗುತ್ತದೆ. ಫುಟ್‌ಬಾಲ್ ಮೈದಾನದ ಮುಂದಿನ ಗೆರೆಯಲ್ಲಿ ಮರಿಂಬಾ, ವೈಬ್ರಫೋನ್, ಟಿಂಪನಿ ಇಟ್ಟುಕೊಂಡವರು ನಿಂತಿರುತ್ತಾರೆ, ಅವರನ್ನು ಪಿಟ್ ಅನ್ನುತ್ತಾರೆ. ಸ್ನೇರ್, ಟೆನರ್, ಬೇಸ್ ಡ್ರಮ್ಮಿನವರು ಮೈದಾನದ ತುಂಬ ಓಡಾಡುತ್ತಾರೆ, ಅವರು ಬ್ಯಾಟರಿ. ಬ್ಯಾಟರಿ ಹಿಂದಕ್ಕೆ ಹೋಗಿ ಪಿಟ್‌ನಿಂದ ಒಂದು 30 ಮೀಟರ್ ದೂರ ನಿಂತಿತು ಅಂದುಕೊಳ್ಳಿ. ಶಬ್ದ ಸೆಕೆಂಡಿಗೆ ಸುಮಾರು 345 ಮೀಟರ್ ಹೋಗುತ್ತದೆ, ಅಂದರೆ ಅಲ್ಲಿಂದ ಮುಂದೆ ಬರಲು ಸೆಕೆಂಡಿನ ಹನ್ನೊಂದು ಹನ್ನೆರಡರಲ್ಲಿ ಒಂದು ಪಾಲು ಬೇಕು. ಅಷ್ಟೇ ತಾನೆ ಅನ್ನಬೇಡಿ. ನಿಮಿಷಕ್ಕೆ 170 ಬೀಟ್ ಓಡುತ್ತಿರುವಾಗ ಒಂದು ಬೀಟಿಗೆ ತಕಧಿಮಿ ಹಾಕಿದರೆ ಒಂದು ಅಕ್ಷರಕ್ಕೆ ಸಿಗುವ ಹೊತ್ತೂ ಅಷ್ಟೇ. ಹಿಂದಿನವರು ಸರಿಯಾಗಿ "ತ" ಬಾರಿಸಿದ್ದಾರೆ, ಅದು ಮುಂದಕ್ಕೆ ಬಂದು ಮುಟ್ಟುವಾಗ ಮುಂದಿನವರು "ಕ"ದಲ್ಲಿದ್ದಾರೆ. ಇಬ್ಬರೂ ಸರಿ, ಕೇಳುವವನಿಗೆ ಗಂಜಿ.

ಇದಕ್ಕೆ ಇವರು ಮಾಡಿಕೊಂಡ ಉಪಾಯ ನನಗೆ ಬಹಳ ಇಷ್ಟ. ಡ್ರಮ್ ಮೇಜರ್ ಅಂದರೆ ಮುಂದೆ ನಿಂತು ತಾಳಕ್ಕೆ ಕೈ ಬೀಸುವವನು, ಅಲ್ವಾ, ಎಲ್ಲರೂ ಅವನನ್ನು ನೋಡಬೇಕು ಅಂತ ನಾವು ಅಂದುಕೊಳ್ಳುತ್ತೇವೆ. ಅವನು ನೋಡುವುದು ಸ್ನೇರ್ ಸಾಲಿನ ನಡುವಿನವನ ಕಾಲನ್ನು. ಶಬ್ದಕ್ಕೆ ಕಿವಿ ಕೊಟ್ಟರೆ ತಡವಾಗುತ್ತದೆ, ಕಣ್ಣಿಗೆ ತಡ ಇಲ್ಲ. ಆ ಕಾಲಿಗೆ ಅವನ ಕೈ, ಆ ಕೈಗೆ ದೂರದ ಹಿತ್ತಾಳೆಯವರು. ಪಿಟ್‌ನವರು ಮಾತ್ರ ಕೈ ನೋಡಲೇಬಾರದು. ಹಿಂದಿನಿಂದ ಬರುವ ಶಬ್ದಕ್ಕೆ ಕಿವಿ ಕೊಟ್ಟು ಅದರ ಮೇಲೆ ಬಾರಿಸಬೇಕು. ಪಿಟ್‌ನಲ್ಲಿ ಹೊಸಬನೊಬ್ಬ ಗಾಬರಿಯಾಗಿ ತಲೆ ಎತ್ತಿ ಡ್ರಮ್ ಮೇಜರ್ ಕೈ ನೋಡಿದರೆ ಮುಗೀತು, ಅವನು ಮುಂದೆ, ಸ್ನೇರ್ ಹಿಂದೆ. ಇಂಥ ಕಡೆ "ಬ್ಯಾಟರಿ ಎಳೆಯುತ್ತಿದೆ" ಅಂತ ಹೇಳುವುದು ದೊಡ್ಡ ಅನ್ಯಾಯ. ಅವರನ್ನು ಬೈದರೆ ಅವರು ಓಡುತ್ತಾರೆ, ಆಗ ಹಿತ್ತಾಳೆಯವರ ತಾಳವೂ ತಪ್ಪುತ್ತದೆ. ಹೇಳಬೇಕಾದ್ದು ಒಂದೇ ಮಾತು: ಮೂರನೇ ಮರಿಂಬಾದವನ ತಲೆ ತಗ್ಗಿಸಿ.

ಸರಿ, ಆ ಸ್ನೇರ್ ಸಾಲಿಗೆ ಬರೋಣ.

ನನ್ನ ರೆಕಾರ್ಡಿಂಗ್ ಕೇಳಿದ ಡ್ರಮ್ ಮೇಷ್ಟ್ರು ನಂಬಿದರು. ಫ್ಲಾಮ್ ಅಂದರೆ ಒಂದು ಸಣ್ಣ ಪೆಟ್ಟು, ಅದರ ಬೆನ್ನಿಗೇ ಒಂದು ದೊಡ್ಡ ಪೆಟ್ಟು. ಸಣ್ಣದು ಚರ್ಮದ ಹತ್ತಿರದಿಂದ, ಒಂದಿಂಚಿನ ಎತ್ತರದಿಂದ ಬೀಳಬೇಕು. (ಚರ್ಮ ಅಂದೆ, ಈಗ ಅದು ಕೆವ್ಲರ್, ಮೇಜಿನ ಹಾಗೆ ಗಟ್ಟಿ ಬಿಗಿದಿರುತ್ತಾರೆ, ತಪ್ಪಿಗೆ ಮರೆಯೇ ಇಲ್ಲ.) ಸಣ್ಣದು ಎತ್ತರದಿಂದ ಬಂದರೆ ಎರಡೂ ಒಟ್ಟಿಗೆ ಬಿದ್ದು ಚಪ್ಪಟೆಯಾಗುತ್ತದೆ. ಮಾರನೆಯ ದಿನ ಮೂವರನ್ನೂ ಪಕ್ಕಕ್ಕೆ ಕರೆದು ಮೆಟ್ರೊನೋಮ್ ಹಾಕಿ ಎರಡು ದಿನ ರುಬ್ಬಿಸಿದರಂತೆ. ನಿಂತು ಬಾರಿಸಿದರೆ ಗಾಜಿನ ಹಾಗೆ ಸ್ವಚ್ಛ. ಮೈದಾನಕ್ಕೆ ಹೋದರೆ ಮತ್ತೆ ಅದೇ. ನಾಲ್ಕು ದಿನ ಬಿಟ್ಟು ಇನ್ನೊಂದು ಊರಿನಲ್ಲಿ ಕೇಳಿದಾಗ ನನಗೂ ಅದೇ ಕೇಳಿಸಿತು. ಮೇಷ್ಟ್ರು ಬಂದು, "ಸಾರ್, ನೀವು ಹೇಳಿದ್ದು ಮಾಡಿದ್ವಿ. ಹುಡುಗರು ಈಗ ಆ ಜಾಗ ಬಂದರೆ ಹೆದರ್ತಾರೆ" ಅಂದರು. ಬೇಸರ ಇರಲಿಲ್ಲ ದನಿಯಲ್ಲಿ. ಅದೇ ನನಗೆ ಇನ್ನೂ ಕಷ್ಟವಾಯಿತು.

ಮರುದಿನ ಅಭ್ಯಾಸಕ್ಕೆ ಹೋಗಿ ಪಕ್ಕದಲ್ಲೇ ಕೂತೆ, ಹುಲ್ಲಿನ ಮೇಲೆ, ಅವರ ಸೊಂಟಕ್ಕಿಂತ ಕೆಳಗೆ ನನ್ನ ಕಣ್ಣು. ಆಗ ಕಂಡಿತು. ಆ ಫ್ಲಾಮ್ ಸರಣಿಯ ಹೊತ್ತಿಗೆ ಇಡೀ ಸಾಲು ಗೇಟಿನ ಹಾಗೆ ತಿರುಗುತ್ತದೆ. ಬಲತುದಿಯವನು ಕೀಲು, ಹೆಚ್ಚುಕಡಿಮೆ ನಿಂತಲ್ಲೇ ಹೆಜ್ಜೆ ಹಾಕುತ್ತಾನೆ. ಎಡತುದಿಯವರು ಗೇಟಿನ ಹೊರ ಅಂಚು, ಎಂಟೇ ಎಣಿಕೆಯಲ್ಲಿ ದೊಡ್ಡ ಕಮಾನು ಸುತ್ತಿ ಬರಬೇಕು. ಇಲ್ಲಿ ಸಾಮಾನ್ಯ ಹೆಜ್ಜೆ ಇಪ್ಪತ್ತೆರಡೂವರೆ ಇಂಚು, ಐದು ಗಜಕ್ಕೆ ಎಂಟು ಹೆಜ್ಜೆ. ಈ ಮೂವರು ಮೂವತ್ತು ಇಂಚು ದಾಟಿಸುತ್ತಿದ್ದರು. ಅದೂ ಏಡಿಯ ಹಾಗೆ, ಮೇಲಿನ ಮೈ ಪ್ರೇಕ್ಷಕರ ಕಡೆಗೆ, ಕಾಲು ಮಾತ್ರ ಒಂದರ ಮೇಲೊಂದು ದಾಟುತ್ತಾ ಅಡ್ಡಕ್ಕೆ. ಮೂರನೇ ಹೆಜ್ಜೆಗೆ ತೊಡೆ ತೊಡೆಗೆ ತಾಗುತ್ತದೆ, ಸೊಂಟ ಜರಗುತ್ತದೆ, ಹೆಗಲಿಗೆ ತಗಲಿಸಿದ ಡ್ರಮ್ಮು ಒಂದು ಬೆರಳಷ್ಟು ಎಗರಿ ಕೂರುತ್ತದೆ. ಚರ್ಮದ ಮೇಲೆ ಒಂದಿಂಚಿನಲ್ಲಿ ಕಾದಿರುವ ಕಡ್ಡಿಗೆ ಆ ಒಂದು ಬೆರಳು ಬಹಳ ದೊಡ್ಡದು. ಡ್ರಮ್ಮೇ ಬಂದು ಕಡ್ಡಿಗೆ ಬಡಿಯಬಾರದು ಅಂತ ಹುಡುಗ ಕಡ್ಡಿಯನ್ನು ಸ್ವಲ್ಪ ಎತ್ತಿ ಹಿಡಿದುಕೊಳ್ಳುತ್ತಾನೆ. ನಾನು ಕೇಳಿದ್ದು ಸುಳ್ಳಲ್ಲ, ಸಣ್ಣ ಪೆಟ್ಟು ಮೇಲಿಂದಲೇ ಬರುತ್ತಿತ್ತು. ಆದರೆ ಅದು ಅವನು ಮಾಡಿಕೊಂಡ ಪರಿಹಾರ. ನಾನು ಅದನ್ನೇ ರೋಗ ಅಂದಿದ್ದೆ.

ಮೃದಂಗದವರಿಗೆ ಕಾಲು ಮಡಚಿ ಕೂತರೆ ಕಾಲಿನ ಕೆಲಸ ಮುಗಿಯಿತು. ನನ್ನ ಕಿವಿ ಕಾಲನ್ನು ಮರೆತದ್ದು ಅದಕ್ಕೇ ಇರಬೇಕು. ಡೊಳ್ಳು ಕುಣಿತದವರೊಬ್ಬರನ್ನು ಅಲ್ಲಿ ಕೂರಿಸಿದ್ದರೆ ಮೊದಲ ದಿನವೇ ಹೇಳಿರುತ್ತಿದ್ದರು.

ಹೆಜ್ಜೆ ಕಲಿಸುವ ಮೇಷ್ಟ್ರನ್ನೂ ಡ್ರಮ್ ಮೇಷ್ಟ್ರನ್ನೂ ಒಟ್ಟಿಗೆ ಕೂರಿಸಿದೆವು. ಅವರಿಬ್ಬರೂ ಬೇರೆ ಬೇರೆ ರೆಕಾರ್ಡಿಂಗ್ ಕೇಳುತ್ತಿದ್ದರು, ಒಬ್ಬರಿಗೆ "ಸಾಲು ಬಾಗಿದೆ", ಇನ್ನೊಬ್ಬರಿಗೆ "ಫ್ಲಾಮ್ ಚಪ್ಪಟೆ", ಎರಡೂ ಒಂದೇ ಎಂಟು ಎಣಿಕೆಯ ಮಾತು ಅಂತ ಯಾರಿಗೂ ಹೊಳೆದಿರಲಿಲ್ಲ. ತಿರುಗುವುದನ್ನು ನಾಲ್ಕು ಎಣಿಕೆ ಮೊದಲೇ ಶುರು ಮಾಡಿ ಎಂಟನ್ನು ಹನ್ನೆರಡು ಮಾಡಿದರು. ಹೆಜ್ಜೆ ಸಣ್ಣದಾಯಿತು. ಕೈ ಬಗ್ಗೆ ಯಾರೂ ಒಂದು ಮಾತೂ ಹೇಳಲಿಲ್ಲ. ಮೂರನೇ ಸಲಕ್ಕೆ ಸರಿಹೋಯಿತು.

ಆಮೇಲಿಂದ ರೆಕಾರ್ಡ್ ಮಾಡುವ ರೀತಿಯನ್ನೇ ಬದಲಿಸಿಕೊಂಡೆ. ಮೊದಲ ಒಂದು ನಿಮಿಷ ಬಾಯಿ ಮುಚ್ಚಿಕೊಂಡು ಕೇಳುತ್ತೇನೆ. ಮಾತಾಡುವಾಗ ಯಾವ ವಾದ್ಯ, ಯಾವ ಗಜದ ಗೆರೆ, ಆಗ ಹೆಜ್ಜೆ ಯಾವ ಕಡೆಗೆ, ಇಷ್ಟು ಸೇರಿಸಿ ಹೇಳುತ್ತೇನೆ. "ಅಯ್ಯೋ" ಅಂತ ಉದ್ಗಾರ ತೆಗೆಯುವುದನ್ನು ಬಿಟ್ಟಿದ್ದೇನೆ. ಒಮ್ಮೆ ಒಬ್ಬ ಮೇಷ್ಟ್ರು ಫೋನ್ ಮಾಡಿ ಆರನೇ ನಿಮಿಷದ ಅಯ್ಯೋ ಯಾವುದಕ್ಕೆ ಅಂತ ಕೇಳಿದ್ದರು, ನನಗೇ ನೆನಪಿರಲಿಲ್ಲ. ಕಾರಣ ಗೊತ್ತಿಲ್ಲದಿದ್ದರೆ "ಕೇಳಿಸಿದ್ದು ಇದು, ಕಾರಣ ನೀವು ನೋಡಿ" ಅಂತ ಹೇಳಿಬಿಡುತ್ತೇನೆ. ಹಾಗೆ ಹೇಳಿದರೆ ಮರ್ಯಾದೆ ಕಡಿಮೆಯಾಗುತ್ತದೆ ಅಂತ ಮೊದಲು ಹೆದರಿಕೆ ಇತ್ತು. ಆಗಿಲ್ಲ.

ಯಾವಾಗ ಏನು ಹೇಳಬೇಕು ಅನ್ನೋದೂ ಇದೆ. ಜೂನ್‌ನಲ್ಲಿ ಪ್ರದರ್ಶನ ಪೂರ್ತಿ ಕೂಡಿರುವುದಿಲ್ಲ, ಆಗ ರಚನೆಯ ಬಗ್ಗೆ ಜಗಳವಾಡಬಹುದು. ಇಲ್ಲಿ ಟೆನರ್‌ಗೆ ನೋಟ್ ಜಾಸ್ತಿ ಬರೆದಿದ್ದೀರಿ, ಹಿತ್ತಾಳೆಯ ರಾಗ ಮುಚ್ಚಿಹೋಗುತ್ತಿದೆ, ಸಿಂಥಸೈಜರ್‌ನ ಗುಂಯ್ ಶಬ್ದದಲ್ಲಿ ಐವರು ಬೇಸ್ ಡ್ರಮ್ಮಿನವರ ಕೆಲಸವೇ ಕೇಳಿಸುತ್ತಿಲ್ಲ, ಇಂಥವು. (ಪಿಟ್‌ಗೆ ಮೈಕ್ ಬಂದದ್ದು 2004ರಲ್ಲಿ, ಎಲೆಕ್ಟ್ರಾನಿಕ್ಸ್ 2009ರಲ್ಲಿ. ಆ ಗುಂಯ್ ಬಗ್ಗೆ ನನ್ನ ತಕರಾರು ಹಳೆಯದು, ಯಾರೂ ಕಿವಿಗೆ ಹಾಕಿಕೊಳ್ಳುವುದಿಲ್ಲ.) ಪೆನ್ಸಿಲ್ವೇನಿಯಾದ ಆಲೆನ್‌ಟೌನ್ ಸ್ಪರ್ಧೆ ಮುಗಿಸಿ ಬಸ್ಸು ಇಂಡಿಯಾನಾಪೊಲಿಸ್ ಕಡೆ ತಿರುಗಿದ ಮೇಲೆ ಆ ಮಾತೆಲ್ಲ ಬೇಡ. ಉಳಿದ ನಾಲ್ಕಾರು ದಿನದಲ್ಲಿ ಸರಿಮಾಡಬಹುದಾದ್ದನ್ನು ಮಾತ್ರ ಹೇಳಿ. ಆ ಹೊತ್ತಿಗೆ ಹುಡುಗರ ಅಂಗೈ ನೋಡಬೇಕು ನೀವು, ಬೆರಳಿಗೆಲ್ಲ ಟೇಪು.

ಟೆಕ್ಸಸ್, ಇಂಡಿಯಾನಾ ಕಡೆಯ ನಮ್ಮವರ ಮಕ್ಕಳು ಹೈಸ್ಕೂಲ್ ಮಾರ್ಚಿಂಗ್ ಬ್ಯಾಂಡಿಗೆ ಸೇರುತ್ತಿದ್ದಾರೆ, ಹಾಗಾಗಿ "ಎಲ್ಲಿ ಕೂತು ಕೇಳಬೇಕು ಅಣ್ಣಾ" ಅಂತ ಪ್ರತಿ ವರ್ಷ ಯಾರಾದರೂ ಕೇಳುತ್ತಾರೆ. ಮುಂದಿನ ಸಾಲಿನ ಟಿಕೆಟ್ ಬೇಡ, ಅಲ್ಲಿ ಪಿಟ್‌ನ ಸ್ಪೀಕರ್ ಬಿಟ್ಟು ಬೇರೇನೂ ಕೇಳಿಸದು. ಐವತ್ತು ಗಜದ ಗೆರೆಯ ನೇರಕ್ಕೆ, ಮೇಲೆ ಕೂರಿ. ಅದಕ್ಕೂ ಮೊದಲು, ಪ್ರದರ್ಶನಕ್ಕೆ ಒಂದೂವರೆ ಗಂಟೆ ಇರುವಾಗಲೇ ಪಾರ್ಕಿಂಗ್ ಲಾಟಿಗೆ ಹೋಗಿ. ಡ್ರಮ್‌ಲೈನ್‌ಗಳು ಅಲ್ಲೇ ಅರ್ಧಚಂದ್ರಾಕಾರದಲ್ಲಿ ನಿಂತು ಕೈ ಬಿಸಿಮಾಡಿಕೊಳ್ಳುತ್ತವೆ, ಎರಡು ಮಾರು ದೂರದಿಂದ ನೋಡಬಹುದು, ಯಾರೂ ಬೇಡ ಅನ್ನುವುದಿಲ್ಲ. ಪ್ರದರ್ಶನದ ಒಂದು ತುಣುಕನ್ನು ಅಲ್ಲಿ ನಿಂತು ಬಾರಿಸುತ್ತಾರೆ. ಅದನ್ನು ಕಿವಿಯಲ್ಲಿ ಇಟ್ಟುಕೊಂಡು ಒಳಗೆ ಹೋಗಿ, ಅದೇ ತುಣುಕು ಬಂದಾಗ ಕಡ್ಡಿ ನೋಡಬೇಡಿ, ಬೂಟು ನೋಡಿ. ಇಯರ್‌ಪ್ಲಗ್ ಮರೆಯಬೇಡಿ, ಹತ್ತಿರದಿಂದ ಆ ಸ್ನೇರ್ ತಲೆಗೇ ಹೊಡೆಯುತ್ತದೆ.