ಗಿಡದಿಂದ ಬಂದ ಪ್ಯಾಚ್‌ಗೆ ಅಡ್ಡಪರಿಣಾಮ ಇಲ್ಲವೇ?

ಪ್ರಶ್ನೆ: ಅಮ್ಮನಿಗೆ ಮಂಡಿನೋವು. ಮಾತ್ರೆ ನುಂಗಿದರೆ ಹೊಟ್ಟೆ ಉರಿಯುತ್ತದೆ. ಚರ್ಮಕ್ಕೆ ಅಂಟಿಸುವ ಔಷಧಿ ಪ್ಯಾಚ್‌ಗಳನ್ನು ಈಗ ನೈಸರ್ಗಿಕ ಪಾಲಿಮರ್‌ನಿಂದ ಮಾಡುತ್ತಾರಂತೆ. ಅಂಥದ್ದಕ್ಕೆ ಅಡ್ಡಪರಿಣಾಮ ಇರೋದಿಲ್ಲ ಅಲ್ವಾ?
– ಒಬ್ಬ ಓದುಗರು, ಮೂಡಿಗೆರೆ

ಉತ್ತರ: ಇರುತ್ತದೆ. ಪಾಲಿಮರ್, ಅಂದರೆ ಉದ್ದುದ್ದ ಅಣುಗಳ ವಸ್ತು, ಔಷಧಿಯನ್ನು ಹಿಡಿದಿಟ್ಟುಕೊಂಡು ನಿಧಾನವಾಗಿ ಬಿಡುತ್ತದೆ, ಅಷ್ಟೇ. ನೋವು ಕಡಿಮೆ ಮಾಡುವುದೂ ಹೆಚ್ಚಾಗಿ ತೊಂದರೆ ಕೊಡುವುದೂ ಒಳಗಿನ ಔಷಧಿಯೇ.

ಈ ಪಾಲಿಮರ್‌ಗಳಲ್ಲಿ ಒಂದು ನಿಮ್ಮೂರಿನವರಿಗೆ ಚೆನ್ನಾಗಿ ಗೊತ್ತು. ಕಾಫಿ ಹಣ್ಣನ್ನು ಪಲ್ಪರ್‌ಗೆ ಹಾಕಿದ ಮೇಲೆ ಬೀಜ ಹಿಡಿದರೆ ಬೆರಳಿನಿಂದ ಜಾರುತ್ತದಲ್ಲ, ಆ ಲೋಳೆಯಲ್ಲಿ ಪೆಕ್ಟಿನ್ ಇದೆ. ಔಷಧಿಗೆ ಬಳಸುವ ಪೆಕ್ಟಿನ್ ಹೆಚ್ಚಾಗಿ ನಿಂಬೆ, ಕಿತ್ತಳೆ ಜಾತಿಯ ಹಣ್ಣಿನ ಸಿಪ್ಪೆಯಿಂದ ಬರುತ್ತದೆ. ಕಂದು ಕಡಲಪಾಚಿಯಿಂದ ಆಲ್ಜಿನೇಟ್, ಸೀಗಡಿ ಮತ್ತು ಏಡಿ ಚಿಪ್ಪಿನಿಂದ ಕೈಟೋಸಾನ್ ಸಿಗುತ್ತದೆ. ಇವೆಲ್ಲ ಉದ್ದುದ್ದ ಅಣುಗಳು. ನೀರು ಹೀರಿ ಉಬ್ಬುತ್ತವೆ, ನಡುವೆ ಸಿಕ್ಕ ಔಷಧಿ ಸ್ವಲ್ಪಸ್ವಲ್ಪವಾಗಿ ಹೊರಬರುತ್ತದೆ. ಕೈಟೋಸಾನ್‌ಗೆ ಧನ ವಿದ್ಯುದಂಶ, ಚರ್ಮಕ್ಕೆ ಋಣ. ಹಾಗಾಗಿ ಅದು ಚರ್ಮವನ್ನು ಚೆನ್ನಾಗಿ ಹಿಡಿದುಕೊಳ್ಳುತ್ತದೆ. ಆದರೆ ಒಂದು ಮಾತು: ಮೆಡಿಕಲ್ ಶಾಪ್‌ನಲ್ಲಿ ಸಿಗುವ ಬಹುಪಾಲು ಪ್ಯಾಚ್‌ಗಳ ಅಂಟು ಈಗಲೂ ಅಕ್ರಿಲಿಕ್, ಸಿಲಿಕೋನ್‌ನಂಥ ಕೃತಕ ವಸ್ತುವೇ.

ನಿಜವಾದ ಸವಾಲು ಇರುವುದು ಚರ್ಮದಲ್ಲಿ. ಅದರ ಹೊರಪದರದ ದಪ್ಪ 10–20 ಮೈಕ್ರೋಮೀಟರ್ ಮಾತ್ರ. ಆದರೂ ಸುಮಾರು 500 ಡಾಲ್ಟನ್‌ಗಿಂತ (ಡಾಲ್ಟನ್ ಅಂದರೆ ಅಣುವಿನ ತೂಕದ ಅಳತೆ) ದೊಡ್ಡ ಅಣುವನ್ನು ಅದು ಸುಲಭವಾಗಿ ಒಳಗೆ ಬಿಡುವುದಿಲ್ಲ. ಇನ್ಸುಲಿನ್ ಸುಮಾರು 5,800 ಡಾಲ್ಟನ್. ಸುಮ್ನೆ ಅಂಟಿಸಿದರೆ ಒಳಗೆ ಹೋಗುವ ಮಾತೇ ಇಲ್ಲ. ಇಂಥ ಔಷಧಿಗಳಿಗಾಗಿಯೇ ಒಂದು ಮಿಲಿಮೀಟರ್‌ಗಿಂತ ಚಿಕ್ಕ ಸೂಜಿಗಳ ಪ್ಯಾಚ್ ಮೇಲೆ ಸಂಶೋಧನೆ ನಡೆದಿದೆ. ಜೆಲಟಿನ್ ಅಥವಾ ಹಯಲುರಾನಿಕ್ ಆಮ್ಲದಿಂದ ಮಾಡಿದ ಸೂಜಿಗಳು ಚರ್ಮದೊಳಗೇ ಕರಗಿಬಿಡುತ್ತವೆ. ದಿನಾ ಇಂಜೆಕ್ಷನ್ ಚುಚ್ಚಿಕೊಳ್ಳುವವರನ್ನು ನೆನೆದರೆ, ನನಗೆ ಇಡೀ ವಿಷಯದಲ್ಲಿ ಜಾಸ್ತಿ ಭರವಸೆ ಕೊಡುವುದು ಇದೇ.

ಇನ್ನು ಅಮ್ಮನ ಹೊಟ್ಟೆಯ ವಿಚಾರ. ಮಂಡಿಗೆ ಹಚ್ಚುವ ಅಥವಾ ಅಂಟಿಸುವ ನೋವಿನ ಔಷಧಿ ರಕ್ತಕ್ಕೆ ಸೇರುವುದು ಮಾತ್ರೆಗಿಂತ ಕಡಿಮೆ. ಹೊಟ್ಟೆಗೆ ತೊಂದರೆಯೂ ಸಾಮಾನ್ಯವಾಗಿ ಕಡಿಮೆ. ಆದರೆ ಪೂರ್ತಿ ಇಲ್ಲ ಅಂತಲ್ಲ. ಹೊಟ್ಟೆಹುಣ್ಣು, ಕಿಡ್ನಿ ತೊಂದರೆ ಇದ್ದರೆ ಡಾಕ್ಟರನ್ನು ಕೇಳದೆ ಶುರು ಮಾಡಬೇಡಿ. ಸೀಗಡಿ, ಏಡಿ ತಿಂದರೆ ಅಲರ್ಜಿ ಆಗುವುದಿದ್ದರೆ ಅದನ್ನೂ ಹೇಳಿ.

ಮಲೆನಾಡಿನ ಮಳೆಗಾಲದಲ್ಲಿ ಬಚ್ಚಲೊಲೆ ಮುಂದೆ ಕೂರುವುದು, ಮಂಡಿಗೆ ಬಿಸಿನೀರಿನ ಚೀಲ ಇಡುವುದು ಎಲ್ಲರ ಮನೆಯಲ್ಲೂ ಇದೆ. ಪ್ಯಾಚ್ ಇರುವ ಜಾಗಕ್ಕೆ ಮಾತ್ರ ಶಾಖ ಕೊಡಬೇಡಿ. ಬಿಸಿಗೆ ಔಷಧಿ ಒಮ್ಮೆಲೇ ಜಾಸ್ತಿ ಒಳಗೆ ಹೋಗಬಹುದು. ಕ್ಯಾನ್ಸರ್ ನೋವಿಗೆ ಕೊಡುವ ಫೆಂಟನಿಲ್ ಪ್ಯಾಚ್‌ನಲ್ಲಿ ಇದರಿಂದ ಜೀವಕ್ಕೇ ಅಪಾಯ. ಬಳಸಿದ ಪ್ಯಾಚ್‌ನಲ್ಲೂ ಔಷಧಿ ಉಳಿದಿರುತ್ತದೆ. ಅಂಟಿರುವ ಬದಿಯನ್ನು ಒಳಗೆ ಮಾಡಿ ಮಡಚಿ, ಮಕ್ಕಳ ಕೈಗೆ ಸಿಗದ ಹಾಗೆ ಬಿಸಾಡಿ.